ಒಂದೇ ಸಾಲು, ಹೊತ್ತಿಗೆ ಸರಿಯಾಗಿ: ಪುಟ್ಟ ಬಾಕ್ಸ್‌ಗಳಿಂದ ಸ್ಟೇಟಸ್ ಕಳಿಸುವ 12 ಸೂತ್ರಗಳು

ಊರಲ್ಲಿ ಬಸ್ಸು ಹತ್ತಿಸುವಾಗ ಅಮ್ಮ ಹೇಳುತ್ತಿದ್ದ ಮಾತು ನೆನಪಿದೆಯೇ? "ತಲುಪಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡು." ಕರೆ ಎತ್ತಬೇಕಾಗಿಲ್ಲ, ಒಂದು ಪೈಸೆ ಖರ್ಚಿಲ್ಲ. ರಿಂಗ್ ಆಯಿತೆಂದರೆ ಮಗ ತಲುಪಿದ. ಬೆಳಿಗ್ಗೆ ಎಂಟಾದರೂ ರಿಂಗ್ ಆಗದಿದ್ದರೆ ಅಪ್ಪ ಬಸ್ ಡಿಪೋಗೆ ಫೋನ್ ಹಚ್ಚುತ್ತಿದ್ದರು. ಮಾನಿಟರಿಂಗ್ ಅನ್ನುವ ವಿದ್ಯೆಯ ಮುಕ್ಕಾಲು ಭಾಗ ಆ ಮಿಸ್ಡ್ ಕಾಲ್‌ನಲ್ಲೇ ಇದೆ. ಸುದ್ದಿ ಚಿಕ್ಕದು, ಹೊತ್ತು ನಿಗದಿ. ಬಾರದೇ ಹೋದರೆ ಅದೇ ಅಲಾರಂ.

ಈಗ ನಿಮ್ಮ ಆಫೀಸಿಗೆ ಬನ್ನಿ. ಬ್ರಾಂಚ್‌ನಲ್ಲಿ ಒಂದು ಓಪನ್‌ಡಬ್ಲ್ಯುಆರ್‌ಟಿ ರೌಟರ್ ಇದೆ. ಕೋಲ್ಡ್ ರೂಮ್‌ನಲ್ಲಿ ಟೆಂಪರೇಚರ್ ಓದುವ ರಾಸ್ಪ್‌ಬೆರಿ ಪೈ ಇದೆ. ಟೋಕನ್ ನಂಬರ್ ತೋರಿಸುವ ಹಳೇ ಥಿನ್ ಕ್ಲೈಂಟ್ ಕೂಡ ಇದೆ. "ಇವೆಲ್ಲ ಬೋರ್ಡ್ ಮೇಲೆ ಕಾಣಬೇಕು" ಅಂತ ಮ್ಯಾನೇಜರ್ ಹೇಳಿದ್ದಾರೆ. ದೊಡ್ಡ ಸರ್ವರ್‌ಗಳಿಗೆ ಏಜೆಂಟ್ ಇನ್‌ಸ್ಟಾಲ್ ಮಾಡಿದರೆ ಮುಗಿಯಿತು. ಇಂಥ ಬಾಕ್ಸ್‌ಗಳಲ್ಲಿ ಎಷ್ಟೋ ಕಡೆ ಪೈಥಾನ್ ಇಲ್ಲ, ಪರ್ಲ್ ಇಲ್ಲ, ಜಾಗವೂ ಇಲ್ಲ. ಮೀಟಿಂಗ್‌ನಲ್ಲಿ ಎಲ್ಲರೂ ತಲೆ ತಗ್ಗಿಸುತ್ತಾರೆ. ನೀವು ಕೈ ಎತ್ತಿ. ಬೇರೆಯವರು ಬೇಡವೆಂದ ಕೆಲಸದಲ್ಲೇ ಹೆಸರು ಬೇಗ ಬರುತ್ತದೆ.

1. "ಆಗಲ್ಲ ಸಾರ್" ಅನ್ನುವ ಮೊದಲು ಬಾಕ್ಸ್ ಒಳಗೆ ಏನಿದೆ ನೋಡಿ

ಲಾಗಿನ್ ಆಗಿ. ಬ್ಯುಸಿಬಾಕ್ಸ್ ಅಂತ ಟೈಪ್ ಮಾಡಿ, ಎಂಟರ್ ಒತ್ತಿ. ಪರದೆ ತುಂಬ ಆಪ್ಲೆಟ್‌ಗಳ ಪಟ್ಟಿ ಬರುತ್ತದೆ. ಎನ್‌ಸಿ (ನೆಟ್‌ಕ್ಯಾಟ್), ಡಬ್ಲ್ಯುಗೆಟ್, ಲಾಗರ್, ಟೈಮ್‌ಔಟ್, ಆಕ್, ಕ್ರಾಂಡ್ ಇವೆಯೇ ಅಂತ ಗುರುತು ಹಾಕಿಕೊಳ್ಳಿ. ಇವುಗಳಲ್ಲಿ ನಾಲ್ಕು ಇದ್ದರೂ ಕೆಲಸ ಆಗುತ್ತದೆ.

ಬ್ಯುಸಿಬಾಕ್ಸ್ ಹುಟ್ಟಿದ್ದೇ ಇಕ್ಕಟ್ಟಿನಲ್ಲಿ. 1990ರ ದಶಕದ ನಡುವೆ ಬ್ರೂಸ್ ಪೆರೆನ್ಸ್ ಇದನ್ನು ಬರೆದದ್ದು ಡೆಬಿಯನ್ ಇನ್‌ಸ್ಟಾಲ್ ಮಾಡುವ ವ್ಯವಸ್ಥೆ ಒಂದೇ ಫ್ಲಾಪಿಯಲ್ಲಿ ಹಿಡಿಸಲಿ ಅಂತ. ಹತ್ತಾರು ಕಮಾಂಡ್‌ಗಳು ಒಂದೇ ಫೈಲ್‌ನಲ್ಲಿ ಕೂತಿವೆ. ಓಪನ್‌ಡಬ್ಲ್ಯುಆರ್‌ಟಿ ಶುರುವಾದ ಲಿಂಕ್‌ಸಿಸ್ ಡಬ್ಲ್ಯುಆರ್‌ಟಿ54ಜಿ ರೌಟರ್‌ನ ಜನಪ್ರಿಯ ಮಾದರಿಗಳಲ್ಲಿ ಇದ್ದದ್ದು 4 ಎಂಬಿ ಫ್ಲಾಶ್, 16 ಎಂಬಿ ರ‍್ಯಾಮ್. ನಿಮ್ಮ ಮೊಬೈಲ್‌ನ ಒಂದು ಫೋಟೋ ಆ ಫ್ಲಾಶ್‌ನಲ್ಲಿ ಹಿಡಿಸುವುದು ಅನುಮಾನ. ಆದರೂ ಅದು ಆಫೀಸುಗಳನ್ನು ನಡೆಸಿತು. ಹಾಸಿಗೆ ಇದ್ದಷ್ಟು ಕಾಲು ಚಾಚುವುದನ್ನು ಕಲಿತರೆ ಹಾಸಿಗೆ ಚಿಕ್ಕದೆಂದು ದೂರುವ ಅಗತ್ಯ ಬೀಳುವುದಿಲ್ಲ.

2. ಒಂದು ಸರ್ವರ್‌ನ ಭಾಷೆಯನ್ನು ಬಾಯಿಪಾಠ ಮಾಡಿ

ನಾನು ಸೂಚಿಸುವ ಮಾನಿಟರಿಂಗ್ ಸರ್ವರ್ ಝೈಮನ್. ಹೆನ್ರಿಕ್ ಸ್ಟಾರ್ನರ್ ಬರೆದದ್ದು, ಮೊದಲು ಅದರ ಹೆಸರು ಹಾಬಿಟ್. ಅದಕ್ಕೂ ಹಿಂದೆ ಇದೇ ಭಾಷೆ ಆಡುತ್ತಿದ್ದದ್ದು ಬಿಗ್ ಬ್ರದರ್ ಅನ್ನುವ ಸಾಫ್ಟ್‌ವೇರ್. ಪೋರ್ಟ್ ನಂಬರ್ 1984. ಆರ್ವೆಲ್ ಕಾದಂಬರಿಯ ಹೆಸರು ಗೊತ್ತಿದ್ದವರು ಈಗಾಗಲೇ ನಕ್ಕಿರುತ್ತಾರೆ.

ಸಂದೇಶದ ರೂಪ ಇಷ್ಟೇ: ಮೊದಲು "ಸ್ಟೇಟಸ್" ಅನ್ನುವ ಪದ, ಒಂದು ಸ್ಪೇಸ್, ಹೋಸ್ಟ್ ಹೆಸರು, ಒಂದು ಡಾಟ್, ಟೆಸ್ಟ್ ಹೆಸರು, ಮತ್ತೆ ಸ್ಪೇಸ್, ಬಣ್ಣ, ಆಮೇಲೆ ನಿಮಗೆ ತೋಚಿದ ಪಠ್ಯ. ಇದನ್ನು ಟಿಸಿಪಿ ಮೇಲೆ ಕಳಿಸಿ, ಕನೆಕ್ಷನ್ ಮುಚ್ಚಿ. ಪಾಸ್‌ವರ್ಡ್ ಇಲ್ಲ, ಹೆಡರ್ ಇಲ್ಲ, ಜೇಸನ್ ಇಲ್ಲ. ಎಕೋ ಮತ್ತು ಎನ್‌ಸಿ ನಡುವೆ ಒಂದು ಪೈಪ್ ಹಾಕಿದರೆ ನಿಮ್ಮ ಏಜೆಂಟ್ ರೆಡಿ. ಎರಡು ಎಚ್ಚರಿಕೆ: ಟೆಸ್ಟ್ ಹೆಸರಿನಲ್ಲಿ ಡಾಟ್ ಇರಕೂಡದು, ಹೋಸ್ಟ್ ಹೆಸರಿನೊಳಗಿನ ಡಾಟ್‌ಗಳಿಗೆ ಬದಲಾಗಿ ಕಾಮಾ ಹಾಕುವುದು ಹಳೆಯ ರೂಢಿ, ಅದನ್ನೇ ಪಾಲಿಸಿ.

ನೀವು ಕಳಿಸಬಹುದಾದ ಬಣ್ಣ ನಾಲ್ಕು. ಗ್ರೀನ್, ಯೆಲ್ಲೋ, ರೆಡ್, ಕ್ಲಿಯರ್. ಪರ್ಪಲ್ ಮತ್ತು ಬ್ಲೂ ಸರ್ವರ್‌ನ ಸ್ವತ್ತು, ಅವನ್ನು ಮುಟ್ಟಬೇಡಿ. ಬ್ಲೂ ಅಂದರೆ ಯಾರೋ ಬೇಕೆಂದೇ ನಿಲ್ಲಿಸಿದ್ದಾರೆ. ಪರ್ಪಲ್ ಅಂದರೆ ಸುದ್ದಿಯೇ ಇಲ್ಲ.

ನಿಮ್ಮ ಕಂಪನಿಯಲ್ಲಿ ಬೇರೆ ಸರ್ವರ್ ಇದ್ದರೆ ಎದೆಗುಂದಬೇಡಿ. ಗ್ರಾಫೈಟ್‌ಗೆ ಪೋರ್ಟ್ 2003ಕ್ಕೆ ಹೆಸರು, ಮೌಲ್ಯ, ಟೈಮ್‌ಸ್ಟ್ಯಾಂಪ್ ಇರುವ ಒಂದು ಸಾಲು ಸಾಕು. ಸ್ಟಾಟ್ಸ್‌ಡಿಗೆ ಯುಡಿಪಿ 8125. ಝಾಬಿಕ್ಸ್ ಸ್ವಲ್ಪ ಬಿಗುಮಾನದ್ದು. ಪೋರ್ಟ್ 10051ಕ್ಕೆ ಹೋಗುವ ಪ್ರತಿ ಸಂದೇಶದ ಮುಂದೆ 13 ಬೈಟ್‌ಗಳ ಬೈನರಿ ಹೆಡರ್ ಬೇಕು, ಅದರಲ್ಲಿ ಸಂದೇಶದ ಉದ್ದವನ್ನು ಹೇಳಬೇಕು. ಶೆಲ್‌ನ ಪ್ರಿಂಟ್‌ಎಫ್‌ನಿಂದ ಅದೂ ಸಾಧ್ಯ. ಆದರೆ ಕಲಿಯುವಾಗ ಕಣ್ಣಿಗೆ ಕಾಣುವ ಭಾಷೆಯಿಂದ ಶುರುಮಾಡಿ. ತಪ್ಪಾದಾಗ ಎಲ್ಲಿ ತಪ್ಪಾಯಿತೆಂದು ಓದಿಯೇ ತಿಳಿಯಬಹುದು.

3. ಗ್ರೀನ್ ಅನ್ನು ಪುಕ್ಕಟೆ ಕೊಡಬೇಡಿ

ಈ ಸೂತ್ರವನ್ನು ಎರಡು ಸಲ ಓದಿ. ನನಗೆ ಇದರ ಫೀಸ್ ಜಾಸ್ತಿ ಬಿದ್ದಿದೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಂದು ಪುಟ್ಟ ಸ್ಟೋರೇಜ್ ಬಾಕ್ಸ್‌ನಿಂದ ರಾತ್ರಿ ಬ್ಯಾಕಪ್ ತೆಗೆದು, ಮುಗಿದ ಮೇಲೆ ಸ್ಟೇಟಸ್ ಕಳಿಸುವ ಸ್ಕ್ರಿಪ್ಟ್ ಬರೆದೆ. ಬ್ಯಾಕಪ್ ಕಮಾಂಡ್‌ನ ಔಟ್‌ಪುಟ್ ಲಾಗ್ ಫೈಲ್‌ಗೂ ಹೋಗಲಿ ಅಂತ ಪೈಪ್ ಹಾಕಿ ಟೀ ಕಮಾಂಡ್‌ಗೆ ಕೊಟ್ಟಿದ್ದೆ. ಆಮೇಲೆ ಎಕ್ಸಿಟ್ ಕೋಡ್ ನೋಡಿ, ಸೊನ್ನೆ ಇದ್ದರೆ ಗ್ರೀನ್. ಬೋರ್ಡ್ ಮೇಲೆ 11 ದಿನ ಗ್ರೀನ್ ಮಿನುಗಿತು. ಹನ್ನೆರಡನೇ ದಿನ ಅಕೌಂಟ್ಸ್‌ನವರು ಅಳಿಸಿಹೋದ ಒಂದು ಫೈಲ್ ಕೇಳಿದರು. ಬ್ಯಾಕಪ್ ಇರಲಿಲ್ಲ. ಮೊದಲ ರಾತ್ರಿಯಿಂದಲೇ ಅದು ಫೇಲ್ ಆಗುತ್ತಿತ್ತು.

ಕಾರಣ ಏನು ಗೊತ್ತೇ? ಪೈಪ್‌ಲೈನ್‌ನ ಎಕ್ಸಿಟ್ ಕೋಡ್ ಅಂದರೆ ಕೊನೆಯ ಕಮಾಂಡ್‌ನ ಎಕ್ಸಿಟ್ ಕೋಡ್. ಕೊನೆಗೆ ಇದ್ದದ್ದು ಟೀ. ಟೀ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿತ್ತು, ಎರರ್ ಸಂದೇಶವನ್ನೂ ನೀಟಾಗಿ ಲಾಗ್‌ಗೆ ಬರೆದಿತ್ತು. ಸೊನ್ನೆ ಕೊಟ್ಟಿತು. ನಾನು ಗ್ರೀನ್ ಕಳಿಸಿದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹಾಗಾಗಿ ಹೀಗೆ ಮಾಡಿ. ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲೇ ಬಣ್ಣವನ್ನು ರೆಡ್ ಅಂತ ಇಡಿ. ಪುರಾವೆ ಸಿಕ್ಕ ಮೇಲೆ ಮಾತ್ರ ಗ್ರೀನ್ ಮಾಡಿ. ನಡುವೆ ಸ್ಕ್ರಿಪ್ಟ್ ಎಡವಿದರೆ ರೆಡ್ಡೇ ಹೋಗುತ್ತದೆ, ಹೋಗಲಿ. ಎಕ್ಸಿಟ್ ಕೋಡ್ ಒಂದನ್ನೇ ನಂಬಬೇಡಿ. ಬ್ಯಾಕಪ್ ಫೈಲ್ ಇದೆಯೇ, ಇವತ್ತಿನದೇ, ಅದರ ಸೈಜ್ ನಿನ್ನೆಯದಕ್ಕೆ ಹತ್ತಿರ ಇದೆಯೇ ಅಂತ ನೋಡಿ. ಪೈಪ್‌ಫೇಲ್ ಆಯ್ಕೆ ಬ್ಯಾಷ್‌ನಲ್ಲಿ ಇದೆ. ನಿಮ್ಮ ಬಾಕ್ಸ್‌ನ ಶೆಲ್‌ನಲ್ಲೂ ಇದೆಯೆಂದು ಊಹಿಸಬೇಡಿ, ಟೈಪ್ ಮಾಡಿ ಪರೀಕ್ಷಿಸಿ. ತಿಳಿಯದಿದ್ದಾಗ ಕ್ಲಿಯರ್ ಕಳಿಸಿ. "ಗೊತ್ತಿಲ್ಲ" ಅನ್ನುವ ವರದಿ ಕೊಡುವವನಿಗೆ ಮುಜುಗರ ಇರಬಹುದು, "ಎಲ್ಲಾ ಸರಿ ಇದೆ" ಅನ್ನುವ ಸುಳ್ಳಿನಷ್ಟು ಹಾನಿ ಇಲ್ಲ.

4. ಮೌನಕ್ಕೆ ಗಡುವು ಹಾಕಿ

ಝೈಮನ್‌ನಲ್ಲಿ ಒಂದು ಸ್ಟೇಟಸ್‌ನ ಆಯಸ್ಸು 30 ನಿಮಿಷ. ಅಷ್ಟರಲ್ಲಿ ಹೊಸದು ಬರದಿದ್ದರೆ ಹಳೆಯ ಗ್ರೀನ್ ಪರ್ಪಲ್ ಆಗುತ್ತದೆ. ಐದು ನಿಮಿಷಕ್ಕೊಮ್ಮೆ ಕಳಿಸುವವರಿಗೆ ಇದು ಸಾಕು. ಗಂಟೆಗೊಮ್ಮೆ ಕಳಿಸಿದರೆ ಪ್ರತಿ ಗಂಟೆಯ ಅರ್ಧ ಭಾಗ ಪರ್ಪಲ್ ಕಾಣುತ್ತದೆ. ಆಗ "ಸ್ಟೇಟಸ್" ಪದಕ್ಕೆ ಅಂಟಿಸಿ ಪ್ಲಸ್ ಚಿಹ್ನೆ ಹಾಕಿ ಆಯಸ್ಸು ಬರೆಯಿರಿ. ಬರೀ ಅಂಕಿ ಕೊಟ್ಟರೆ ನಿಮಿಷ. ಗಂಟೆ, ದಿನ, ವಾರಕ್ಕೂ ಅಕ್ಷರಗಳಿವೆ.

ಕಳಿಸುವ ಅಂತರದ ಎರಡೂವರೆ ಪಟ್ಟು ಆಯಸ್ಸು ಕೊಡಿ. ಒಂದು ಸಲ ನೆಟ್‌ವರ್ಕ್ ಕೈಕೊಟ್ಟರೆ ಗಲಾಟೆ ಆಗುವುದಿಲ್ಲ, ಎರಡು ಸಲ ಆದರೆ ಆಗುತ್ತದೆ. ಪರ್ಪಲ್ ನೋಡಿ ಬೇಸರವಾಯಿತೆಂದು ಒಂದು ವಾರ ಆಯಸ್ಸು ಬರೆದುಬಿಡುವವರನ್ನು ನೋಡಿದ್ದೇನೆ. ಅದು ಹೊಗೆ ಬಂತೆಂದು ಅಲಾರಂನ ಬ್ಯಾಟರಿ ಕಿತ್ತ ಹಾಗೆ.

ಈ ಮೌನದ ಲೆಕ್ಕವನ್ನು ಬೇರೆಯವರೂ ಬಗೆಬಗೆಯಾಗಿ ಹಾಕಿದ್ದಾರೆ. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ತೈಲದ ಪೈಪ್‌ಲೈನ್‌ಗಳ ಮೇಲೆ ಉಪಗ್ರಹದ ದುಬಾರಿ ಸಂಪರ್ಕದಲ್ಲಿ ಕಣ್ಣಿಡಲು ಎಂಕ್ಯೂಟಿಟಿ ರೂಪಿಸಿದರು. ಅದರಲ್ಲಿ "ಲಾಸ್ಟ್ ವಿಲ್" ಇದೆ. ಕನ್ನಡದಲ್ಲಿ ಹೇಳುವುದಾದರೆ ಉಯಿಲು. ಡಿವೈಸ್ ಕನೆಕ್ಟ್ ಆಗುವಾಗಲೇ ಬ್ರೋಕರ್ ಕೈಗೆ ಒಂದು ಸಂದೇಶ ಬರೆದುಕೊಡುತ್ತದೆ: ನಾನು ಹೇಳದೆ ಕೇಳದೆ ಮಾಯವಾದರೆ ಇದನ್ನು ಎಲ್ಲರಿಗೂ ಓದಿಹೇಳು. ನಿಮ್ಮ ಬಾಕ್ಸ್‌ನಲ್ಲಿ ಎಂಕ್ಯೂಟಿಟಿ ಕ್ಲೈಂಟ್ ಇದ್ದರೆ ಉಯಿಲು ಬರೆಸದೆ ಬಿಡಬೇಡಿ.

5. ಎನ್‌ಸಿ ಒಂದೇ ಅಲ್ಲ, ಮನೆಗೊಂದು ಇದೆ

ಮೂಲ ನೆಟ್‌ಕ್ಯಾಟ್ 1995ರಲ್ಲಿ ಬಂತು. ಬರೆದಾತ ತನ್ನನ್ನು ಕರೆದುಕೊಂಡದ್ದು ಹಾಬಿಟ್ ಅಂತ. ಝೈಮನ್‌ನ ಹಳೇ ಹೆಸರಿಗೂ ಇದಕ್ಕೂ ಸಂಬಂಧವಿಲ್ಲ, ಇಂಟರ್‌ವ್ಯೂನಲ್ಲಿ ಗೊಂದಲ ಮಾಡಿಕೊಳ್ಳಬೇಡಿ. ಆಮೇಲೆ ಓಪನ್‌ಬಿಎಸ್‌ಡಿಯವರು ತಮ್ಮದನ್ನು ಬರೆದರು, ಎನ್‌ಮ್ಯಾಪ್‌ನವರು ಎನ್‌ಕ್ಯಾಟ್ ಬರೆದರು, ಬ್ಯುಸಿಬಾಕ್ಸ್ ಒಳಗೆ ಇನ್ನೊಂದು ಕುಳಿತಿದೆ. ಹೆಸರು ಒಂದೇ, ಆಯ್ಕೆಗಳು ಬೇರೆ.

ಎಲ್ಲರೂ ಎಡವುವ ಕಲ್ಲು ಒಂದೇ: ಸಂದೇಶ ಹೋದ ಮೇಲೂ ಕನೆಕ್ಷನ್ ತೆರೆದೇ ಇರುತ್ತದೆ. ಸರ್ವರ್ "ಇನ್ನೇನಾದರೂ ಇದೆಯಾ?" ಅಂತ ಕಾಯುತ್ತದೆ, ನಿಮ್ಮ ಎನ್‌ಸಿಯೂ ಕಾಯುತ್ತದೆ. ಮದುವೆ ಮನೆಯಲ್ಲಿ ಇಬ್ಬರು ಬೀಗರು "ನೀವು ಮೊದಲು ಕೂತುಕೊಳ್ಳಿ" ಅಂತ ನಿಂತ ಹಾಗೆ. ಕೆಲವು ಎನ್‌ಸಿಗಳಿಗೆ ಹೈಫನ್ ಕ್ಯೂ ಬೇಕು, ಓಪನ್‌ಬಿಎಸ್‌ಡಿಯದಕ್ಕೆ ಹೈಫನ್ ಜತೆ ದೊಡ್ಡ ಎನ್, ಇನ್ನು ಕೆಲವಕ್ಕೆ ಹೈಫನ್ ಡಬ್ಲ್ಯು. ಹೆಲ್ಪ್ ಓದಿ. ಬ್ಲಾಗ್‌ನಿಂದ ಕಾಪಿ ಮಾಡಿದ ಸಾಲು ನಿಮ್ಮ ಬಾಕ್ಸ್‌ನಲ್ಲಿ ನಡೆಯುತ್ತದೆಂದು ಯಾರೂ ಬರೆದುಕೊಟ್ಟಿಲ್ಲ.

ಎನ್‌ಸಿ ಇಲ್ಲವೇ? ಬ್ಯಾಷ್ ಇದ್ದರೆ ಅದಕ್ಕೆ ತಾನೇ ಟಿಸಿಪಿ ಕನೆಕ್ಷನ್ ತೆರೆಯುವ ಶಕ್ತಿ ಇದೆ. ಡೆವ್ ಕೆಳಗೆ ಟಿಸಿಪಿ ಅನ್ನುವ ಫೈಲ್ ಇರುವ ಹಾಗೆ ಬರೆಯಬಹುದು; ಅಂಥ ಫೈಲ್ ಡಿಸ್ಕ್‌ನಲ್ಲಿ ಇಲ್ಲ, ಬ್ಯಾಷ್ ಮಾಡುವ ಕಣ್ಕಟ್ಟು. ಡ್ಯಾಶ್, ಬ್ಯುಸಿಬಾಕ್ಸ್ ಆ್ಯಶ್ ಶೆಲ್‌ಗಳಿಗೆ ಈ ವಿದ್ಯೆ ಗೊತ್ತಿಲ್ಲ. ಅದೂ ಇಲ್ಲದಿದ್ದರೆ, ಅಥವಾ ಫೈರ್‌ವಾಲ್ 1984ನ್ನು ಬಿಡದಿದ್ದರೆ, ಝೈಮನ್ ಸರ್ವರ್‌ನ ಸಿಜಿಐ ಮೂಲಕ ಎಚ್‌ಟಿಟಿಪಿಯಲ್ಲಿ ಅದೇ ಸಂದೇಶವನ್ನು ತಲುಪಿಸುವ ದಾರಿ ಇದೆ. ಡಬ್ಲ್ಯುಗೆಟ್‌ನಿಂದ ಪೋಸ್ಟ್ ಮಾಡಿ. ಮೂರು ದಾರಿ ಗೊತ್ತಿರುವವನಿಗೆ ಒಂದು ಮುಚ್ಚಿದರೆ ಬೆವರು ಬರುವುದಿಲ್ಲ.

6. ಕಾವಲುಗಾರನೇ ಮನೆ ಮುರಿಯದಂತೆ ನೋಡಿಕೊಳ್ಳಿ

ಲೆಕ್ಕ ಮಾಡಿ. ಕ್ರಾನ್ ಐದು ನಿಮಿಷಕ್ಕೊಮ್ಮೆ ಸ್ಕ್ರಿಪ್ಟ್ ಓಡಿಸುತ್ತದೆ. ಸರ್ವರ್ ತೂಕಡಿಸುತ್ತಿದೆ, ಎನ್‌ಸಿ ಸಿಕ್ಕಿಹಾಕಿಕೊಂಡಿದೆ. ಒಂದು ದಿನಕ್ಕೆ 288 ಪ್ರಾಸೆಸ್‌ಗಳು ಸಾಲಾಗಿ ನಿಲ್ಲುತ್ತವೆ. 32 ಎಂಬಿ ರ‍್ಯಾಮ್ ಇರುವ ರೌಟರ್‌ಗೆ ಅಷ್ಟು ಹೊತ್ತೂ ಬೇಕಿಲ್ಲ, ಮಧ್ಯಾಹ್ನದೊಳಗೆ ಮಲಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಿತು.

ಕಳಿಸುವ ಕಮಾಂಡ್ ಮುಂದೆ ಟೈಮ್‌ಔಟ್ ಹಾಕಿ, ಹತ್ತು ಸೆಕೆಂಡ್ ಸಾಕು. ಹಳೆಯ ಬ್ಯುಸಿಬಾಕ್ಸ್‌ನಲ್ಲಿ ಸೆಕೆಂಡ್ ಹೇಳಲು ಹೈಫನ್ ಟಿ ಬೇಕು, ಹೊಸದರಲ್ಲಿ ಬೇಡ. ಎರಡು ಪ್ರತಿಗಳು ಒಟ್ಟಿಗೆ ಓಡದಂತೆ ಲಾಕ್ ಹಾಕಿ. ಎಫ್‌ಲಾಕ್ ಇಲ್ಲದಿದ್ದರೆ ಎಂಕೆಡಿಐಆರ್ ಇದೆ. ಒಂದೇ ಡೈರೆಕ್ಟರಿಯನ್ನು ಇಬ್ಬರು ಒಟ್ಟಿಗೆ ಸೃಷ್ಟಿಸಲಾರರು, ಒಬ್ಬನಿಗೆ ಎರರ್ ಬಂದೇ ಬರುತ್ತದೆ. ಅದೇ ನಿಮ್ಮ ಬೀಗ. ಸ್ಕ್ರಿಪ್ಟ್ ನಡುವೆ ಸತ್ತರೆ ಡೈರೆಕ್ಟರಿ ಹಾಗೇ ಉಳಿಯುತ್ತದಲ್ಲ, ಹಳೆಯ ಬೀಗವನ್ನು ಒಡೆಯುವ ಒಂದು ಸಾಲನ್ನೂ ಸೇರಿಸಿ.

7. ಎಲ್ಲರೂ ಒಂದೇ ಸೆಕೆಂಡಿಗೆ ಕೂಗಬೇಡಿ

ಇನ್ನೂರು ಬಾಕ್ಸ್‌ಗಳಿವೆ, ಎಲ್ಲದರಲ್ಲೂ ಅದೇ ಕ್ರಾನ್ ಸಾಲು. ಹತ್ತು ಗಂಟೆ ಸೊನ್ನೆ ಸೆಕೆಂಡಿಗೆ ಇನ್ನೂರೂ ಸರ್ವರ್ ಬಾಗಿಲು ತಟ್ಟುತ್ತವೆ, ಉಳಿದ ನಾಲ್ಕು ಮುಕ್ಕಾಲು ನಿಮಿಷ ಸರ್ವರ್ ಸುಮ್ಮನೆ ಕೂತಿರುತ್ತದೆ. ಕಳಿಸುವ ಮೊದಲು ಸ್ವಲ್ಪ ಹೊತ್ತು ಸ್ಲೀಪ್ ಮಾಡಿಸಿ, ಪ್ರತಿ ಬಾಕ್ಸ್‌ಗೂ ಬೇರೆ ಬೇರೆ ಹೊತ್ತು.

"ರ‍್ಯಾಂಡಮ್ ನಂಬರ್ ತೆಗೆದರಾಯಿತು" ಅನ್ನುತ್ತೀರಿ. ನಿಲ್ಲಿ. ಡ್ಯಾಶ್‌ನಲ್ಲಿ ರ‍್ಯಾಂಡಮ್ ವೇರಿಯಬಲ್ ಇಲ್ಲ. ಆಕ್‌ನಲ್ಲಿ ಎಸ್‌ರ‍್ಯಾಂಡ್ ಇದೆ, ಆದರೆ ಸಾಮಾನ್ಯವಾಗಿ ಅದು ಬೀಜ ತೆಗೆದುಕೊಳ್ಳುವುದು ಗಡಿಯಾರದ ಸೆಕೆಂಡಿನಿಂದ. ಇನ್ನೂರು ಬಾಕ್ಸ್‌ಗಳೂ ಒಂದೇ ಸೆಕೆಂಡಿಗೆ ಎದ್ದವು, ಬೀಜ ಒಂದೇ, "ರ‍್ಯಾಂಡಮ್" ಸಂಖ್ಯೆಯೂ ಒಂದೇ. ಎಲ್ಲವೂ 37 ಸೆಕೆಂಡ್ ಮಲಗಿ ಮತ್ತೆ ಒಟ್ಟಿಗೇ ಕೂಗುತ್ತವೆ! ಮ್ಯಾಕ್ ಅಡ್ರೆಸ್‌ನ ಕೊನೆಯ ಎರಡು ಹೆಕ್ಸಾಡೆಸಿಮಲ್ ಅಂಕೆ ತೆಗೆದುಕೊಳ್ಳಿ. ಅದು 0ರಿಂದ 255ರವರೆಗಿನ ಸಂಖ್ಯೆ, ಐದು ನಿಮಿಷದೊಳಗೆ ಹಿಡಿಸುತ್ತದೆ. ಒಂದು ಬಾಕ್ಸ್‌ನ ಸರದಿ ಯಾವಾಗಲೂ ಅದೇ ಸೆಕೆಂಡಿಗೆ ಬರುವುದರಿಂದ ಡಿಬಗ್ ಮಾಡುವುದೂ ಸುಲಭ.

8. ನಾಲ್ಕೇ ಅಂಕಿ ಕಳಿಸಿ, ಆದರೆ ಸರಿಯಾದದ್ದನ್ನು

ಇನ್‌ಸ್ಟಾಲ್ ಏನೂ ಬೇಡ. ಕರ್ನೆಲ್ ಎಲ್ಲವನ್ನೂ ಫೈಲ್‌ಗಳಲ್ಲಿ ಬರೆದಿಟ್ಟಿದೆ, ಓದಿಕೊಳ್ಳಿ.

ಪ್ರಾಕ್ ಕೆಳಗಿನ ಅಪ್‌ಟೈಮ್‌ನ ಮೊದಲ ಅಂಕಿ ಬಾಕ್ಸ್ ಎದ್ದು ಎಷ್ಟು ಸೆಕೆಂಡ್ ಆಯಿತೆಂದು ಹೇಳುತ್ತದೆ. 600ಕ್ಕಿಂತ ಕಡಿಮೆ ಇದ್ದರೆ ಯೆಲ್ಲೋ ಮಾಡಿ. ರಾತ್ರಿ ಕರೆಂಟ್ ಹೋಗಿ ಬಂದದ್ದು ಬೆಳಿಗ್ಗೆ ತಿಳಿಯುತ್ತದೆ. ಮೆಮೊರಿಗೆ ಮೆಮ್‌ಫ್ರೀ ನೋಡಿ ಹೌಹಾರಬೇಡಿ. ಲಿನಕ್ಸ್ ಖಾಲಿ ಮೆಮೊರಿಯನ್ನು ಕ್ಯಾಶ್‌ಗೆ ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ನೋಡಬೇಕಾದದ್ದು ಮೆಮ್‌ಅವೈಲಬಲ್. 2014ರ 3.14 ಕರ್ನೆಲ್‌ನಿಂದ ಅದು ಇದೆ. ಸಿಸ್ ಕೆಳಗಿನ ಥರ್ಮಲ್ ಝೋನ್‌ನಲ್ಲಿ 41000 ಅಂತ ಕಂಡರೆ ಬೆಂಕಿ ಬಿದ್ದಿಲ್ಲ, ಅದು ಡಿಗ್ರಿಯ ಸಾವಿರದ ಒಂದು ಭಾಗದ ಲೆಕ್ಕ. 41 ಡಿಗ್ರಿ ಸೆಲ್ಸಿಯಸ್. ರಾಸ್ಪ್‌ಬೆರಿ ಪೈ 80ರ ಆಸುಪಾಸಿನಲ್ಲಿ ತಾನೇ ವೇಗ ಇಳಿಸಿಕೊಳ್ಳುತ್ತದೆ, ಅದಕ್ಕೆ ಮೊದಲೇ ಯೆಲ್ಲೋ ಆಗುವ ಹಾಗೆ 70 ಇಟ್ಟುಕೊಳ್ಳಿ.

ಡಿಸ್ಕ್‌ಗೆ ಡಿಎಫ್ ಜತೆ ಹೈಫನ್ ದೊಡ್ಡ ಪಿ ಹಾಕಿ, ಇಲ್ಲದಿದ್ದರೆ ಉದ್ದ ಹೆಸರಿನ ಡಿವೈಸ್ ಎರಡು ಸಾಲಿಗೆ ಒಡೆದು ನಿಮ್ಮ ಆಕ್ ತಪ್ಪು ಕಾಲಂ ಓದುತ್ತದೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಇನ್ನೊಂದು ಬಲೆ ಇದೆ. ಆರ್‌ಒಎಂ ಅನ್ನುವ ಪಾರ್ಟಿಷನ್ ಯಾವತ್ತೂ ಶೇಕಡಾ 100 ತುಂಬಿರುತ್ತದೆ, ಅದು ಓದಲು ಮಾತ್ರ ಇರುವ ಸ್ಕ್ವಾಶ್‌ಎಫ್‌ಎಸ್. ಅದನ್ನು ಬಿಟ್ಟು ಓವರ್‌ಲೇ ನೋಡಿ. ಮೊದಲ ದಿನವೇ ಎಲ್ಲಾ ರೌಟರ್‌ಗಳೂ ರೆಡ್ ಅಂತ ಮೇಲ್ ಹಾಕಿದ ಹುಡುಗನೊಬ್ಬನನ್ನು ಬಲ್ಲೆ. (ನಾನಲ್ಲ. ನನ್ನದು ಬ್ಯಾಕಪ್.)

ಗಡಿಯಲ್ಲಿ ಅಂಕಿ ತೂಗಾಡಿದರೆ ಬಣ್ಣವೂ ತೂಗಾಡುತ್ತದೆ. 70 ದಾಟಿದರೆ ಯೆಲ್ಲೋ, ಆದರೆ ಮರಳಿ ಗ್ರೀನ್ ಆಗಬೇಕಾದರೆ 65ಕ್ಕೆ ಇಳಿಯಬೇಕು ಅಂತ ನಿಯಮ ಮಾಡಿ. "ತೋಳ ಬಂತು ತೋಳ" ಅಂತ ದಿನಕ್ಕೆ ನಲವತ್ತು ಸಲ ಕೂಗುವ ಬಾಕ್ಸ್‌ನ ಮೆಸೇಜ್ ಅನ್ನು ಮ್ಯೂಟ್ ಮಾಡದವರು ಯಾರು?

9. ಮೊದಲ ಸಾಲನ್ನು ರಾತ್ರಿ ಎರಡು ಗಂಟೆಯ ಮನುಷ್ಯನಿಗೆ ಬರೆಯಿರಿ

ನಿಮ್ಮ ಅಲರ್ಟ್ ಓದುವವನು ಅರೆನಿದ್ದೆಯಲ್ಲಿ ಇರುತ್ತಾನೆ. "ಚೆಕ್ ಫೇಲ್ಡ್" ಅಂತ ಬರೆದರೆ ಶಾಪ ಹಾಕುತ್ತಾನೆ. ಏನು, ಎಷ್ಟು, ಮಿತಿ ಎಷ್ಟು: ಮೂರೂ ಮೊದಲ ಸಾಲಿನಲ್ಲಿ ಇರಲಿ. "ಕೋಲ್ಡ್ ರೂಮ್ 11 ಡಿಗ್ರಿ, ಮಿತಿ 8, 20 ನಿಮಿಷದಿಂದ." ಎರಡನೇ ಸಾಲಿನಲ್ಲಿ ಮೊದಲು ಮಾಡಬೇಕಾದ ಕೆಲಸ: "ಬಾಗಿಲು ಮುಚ್ಚಿದೆಯೇ ನೋಡಿ, ಆಮೇಲೆ ಕಂಪ್ರೆಸರ್ ಎಂಸಿಬಿ." ಝೈಮನ್ ಮೊದಲ ಸಾಲಿನ ನಂತರ ಏನು ಬರೆದರೂ ಹಾಗೇ ತೋರಿಸುತ್ತದೆ. ಹೆಸರು, ಕೋಲನ್, ಅಂಕಿ ಅನ್ನುವ ರೂಪದಲ್ಲಿ ಬರೆದರೆ ಸರ್ವರ್‌ನಲ್ಲಿ ಸ್ವಲ್ಪ ಸೆಟ್ಟಿಂಗ್ ಮಾಡಿ ಗ್ರಾಫ್ ಕೂಡ ಬರಿಸಬಹುದು. ಮ್ಯಾನೇಜರ್‌ಗಳಿಗೆ ಗ್ರಾಫ್ ಇಷ್ಟ. ಕೊಡಿ.

1957ರಲ್ಲಿ ಸ್ಪುಟ್ನಿಕ್‌ನ ಬೀಪ್ ಕೇಳಿ ಜಗತ್ತು ಬೆರಗಾಯಿತು. ಆ ಬೀಪ್‌ನಲ್ಲಿ ಸ್ಟೇಟಸ್ ಕೂಡ ಇತ್ತು. ಒಳಗಿನ ಒತ್ತಡ ಅಥವಾ ತಾಪಮಾನ ಮಿತಿ ದಾಟಿದರೆ ಬೀಪ್‌ನ ಉದ್ದ ಬದಲಾಗಬೇಕೆಂದು ವಿನ್ಯಾಸ. 83 ಕಿಲೋ ತೂಕದ ಗೋಲ, ಕಂಪ್ಯೂಟರ್ ಇಲ್ಲ, ಒಂದು ಸದ್ದಿನಲ್ಲಿ ವರದಿ. ನಿಮ್ಮ ರೌಟರ್‌ಗೆ ಇದಕ್ಕಿಂತ ಅನುಕೂಲ ಜಾಸ್ತಿ ಇದೆ.

10. ಫ್ಲಾಶ್‌ಗೆ ಬರೆಯಬೇಡಿ, ಗಡಿಯಾರವನ್ನು ನಂಬಬೇಡಿ, ಕ್ರಾನ್ ಅನ್ನು ಪರೀಕ್ಷಿಸಿ

ಮೂರು ಚಿಕ್ಕ ಮಾತು. ತಾತ್ಕಾಲಿಕ ಫೈಲ್‌ಗಳನ್ನೆಲ್ಲ ಟಿಎಂಪಿಯಲ್ಲೇ ಇಡಿ. ಈ ಬಾಕ್ಸ್‌ಗಳಲ್ಲಿ ಅದು ಸಾಮಾನ್ಯವಾಗಿ ರ‍್ಯಾಮ್‌ನಲ್ಲಿ ಇರುತ್ತದೆ. ಫ್ಲಾಶ್‌ನ ಪ್ರತಿ ಬ್ಲಾಕ್‌ಗೂ ಅಳಿಸಿ ಬರೆಯುವ ಸಲಗಳಿಗೆ ಒಂದು ಮಿತಿ ಇದೆ, ಐದು ನಿಮಿಷಕ್ಕೊಮ್ಮೆ ಲಾಗ್ ಬರೆದು ಅದನ್ನು ಸವೆಸಬೇಡಿ. ಪೈ 4ರವರೆಗಿನ ರಾಸ್ಪ್‌ಬೆರಿ ಪೈಗಳಲ್ಲಿ ಬ್ಯಾಟರಿ ಗಡಿಯಾರವೇ ಇಲ್ಲ. ಬೂಟ್ ಆದ ಮೇಲೆ ಎನ್‌ಟಿಪಿ ಸಿಗುವವರೆಗೂ ಅದು ಹಳೇ ತಾರೀಖಿನಲ್ಲೇ ಬದುಕುತ್ತದೆ. ಸಂದೇಶ ಯಾವಾಗ ಬಂತೆಂದು ಸರ್ವರ್ ನಿರ್ಧರಿಸಲಿ. ಕ್ರಾನ್‌ನ ಪಾತ್ ನಿಮ್ಮ ಲಾಗಿನ್ ಪಾತ್ ಅಲ್ಲ, ಪ್ರತಿ ಕಮಾಂಡ್‌ಗೂ ಪೂರ್ತಿ ವಿಳಾಸ ಬರೆಯಿರಿ. ಸಾಮಾನ್ಯ ಲಿನಕ್ಸ್ ಕ್ರಾನ್‌ಟ್ಯಾಬ್‌ನಲ್ಲಿ ಶೇಕಡಾ ಚಿಹ್ನೆ ಅಂದರೆ ಹೊಸ ಸಾಲು ಅಂತ ಅರ್ಥ. ಡೇಟ್ ಕಮಾಂಡ್‌ನ ಫಾರ್ಮ್ಯಾಟ್ ಅನ್ನು ಅಲ್ಲೇ ಬರೆದು ಅರ್ಧ ದಿನ ಕಳೆದುಕೊಂಡವರ ಸಂಘ ಕಟ್ಟಿದರೆ ಟೌನ್‌ಹಾಲ್ ಸಾಲದು.

11. ನಿಮ್ಮ ಹೆಸರಿನಲ್ಲಿ ಬೇರೆಯವರು ಮಾತಾಡದಂತೆ ತಡೆಯಿರಿ

ಸರಳ ಭಾಷೆಗೆ ಒಂದು ಬೆಲೆ ಇದೆ. 1984ಕ್ಕೆ ಹೋಗುವುದು ಬರೀ ಪಠ್ಯ, ಸಹಿ ಇಲ್ಲ. ನಿಮ್ಮ ಬಾಕ್ಸ್ ಸತ್ತು ಬಿದ್ದಿದ್ದರೂ ಇನ್ನೊಬ್ಬ ಅದರ ಹೆಸರಿನಲ್ಲಿ ಗ್ರೀನ್ ಕಳಿಸಬಹುದು. ಝೈಮನ್‌ನಲ್ಲಿ ಸ್ಟೇಟಸ್-ಸೆಂಡರ್ಸ್ ಅನ್ನುವ ಆಯ್ಕೆ ಇದೆ, ಯಾವ ಐಪಿಗಳಿಂದ ಸ್ಟೇಟಸ್ ಸ್ವೀಕರಿಸಬೇಕೆಂದು ಹೇಳಿ. ಡ್ರಾಪ್ ಅನ್ನುವ ಆದೇಶ ಒಂದು ಹೋಸ್ಟ್‌ನ ದಾಖಲೆಗಳನ್ನೇ ಅಳಿಸುತ್ತದೆ. ಅಂಥ ಆದೇಶಗಳಿಗೆ ಅಡ್ಮಿನ್-ಸೆಂಡರ್ಸ್ ಇದೆ, ಅದು ಸರ್ವರ್‌ಗೆ ಮಾತ್ರ ಸೀಮಿತವಾಗಿದೆಯೇ ಈಗಲೇ ನೋಡಿ. ಇಂಟರ್‌ನೆಟ್ ದಾಟಿ ಬರುವುದಾದರೆ ವೈರ್‌ಗಾರ್ಡ್ ಸುರಂಗದೊಳಗೆ ತನ್ನಿ. 2020ರ 5.6 ಆವೃತ್ತಿಯಿಂದ ಅದು ಲಿನಕ್ಸ್ ಕರ್ನೆಲ್ ಒಳಗೇ ಇದೆ. ಸ್ಟೇಟಸ್ ಪಠ್ಯದಲ್ಲಿ ಪಾಸ್‌ವರ್ಡ್, ಗ್ರಾಹಕರ ಹೆಸರು ಏನೂ ಬೇಡ. ಆ ಬೋರ್ಡ್ ರಿಸೆಪ್ಷನ್‌ನ ಟಿವಿಯಲ್ಲೂ ಓಡುತ್ತಿರಬಹುದು.

ಸರ್ವರ್ ಕಡೆ ಹೋದಾಗ ಘೋಸ್ಟ್ ಪಟ್ಟಿಯನ್ನೂ ತೆರೆಯಿರಿ. ಕಾನ್ಫಿಗ್‌ನಲ್ಲಿ ಇಲ್ಲದ ಹೆಸರಿನಿಂದ ವರದಿ ಬಂದರೆ ಝೈಮನ್ ಅದನ್ನು ಭೂತ ಅಂತ ಕರೆಯುತ್ತದೆ. ನೀವು ಕಳಿಸುತ್ತಿದ್ದೀರಿ, ಬೋರ್ಡ್ ಮೇಲೆ ಕಾಣುತ್ತಿಲ್ಲ ಅಂದರೆ ಹತ್ತಕ್ಕೆ ಒಂಬತ್ತು ಸಲ ನಿಮ್ಮ ಬಾಕ್ಸ್ ಅಲ್ಲಿ ಭೂತವಾಗಿ ಕೂತಿರುತ್ತದೆ. ಒಂದು ಅಕ್ಷರದ ಸ್ಪೆಲ್ಲಿಂಗ್ ಸರಿಮಾಡಿ, ಮನುಷ್ಯರ ಲೋಕಕ್ಕೆ ಕರೆತನ್ನಿ.

12. ವೈರ್ ಕಿತ್ತು ತೋರಿಸಿ

ಸ್ಕ್ರಿಪ್ಟ್ ಬರೆದಾಯಿತು, ಬೋರ್ಡ್ ಗ್ರೀನ್ ಆಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಲಸ ಇನ್ನೂ ಮುಗಿದಿಲ್ಲ.

ಒಂದೇ ಸ್ಕ್ರಿಪ್ಟ್, ಬಾಕ್ಸ್‌ಗೊಂದು ಚಿಕ್ಕ ಕಾನ್ಫಿಗ್ ಫೈಲ್ ಅಂತ ಮಾಡಿ ಗಿಟ್‌ಗೆ ಹಾಕಿ. ಅರ್ಧ ಪುಟದ ನೋಟ್ ಬರೆಯಿರಿ: ಯಾವ ಬಾಕ್ಸ್, ಯಾವ ಟೆಸ್ಟ್, ಎಷ್ಟು ನಿಮಿಷಕ್ಕೊಮ್ಮೆ, ರೆಡ್ ಆದರೆ ಯಾರಿಗೆ ಫೋನ್. ಮಾನಿಟರಿಂಗ್ ಸರ್ವರ್ ತಾನೇ ಸತ್ತರೆ ಎಲ್ಲವೂ ಶಾಂತವಾಗಿ ಕಾಣುತ್ತದೆ. ಹಾಗಾಗಿ ನಿಮ್ಮ ಪುಟ್ಟ ಬಾಕ್ಸ್‌ಗಳಲ್ಲಿ ಒಂದಕ್ಕೆ ಸರ್ವರ್‌ನ ಮೇಲೆ ಕಣ್ಣಿಡುವ ಕೆಲಸ ಕೊಡಿ. ಪೋರ್ಟ್ 1984 ಎರಡು ಸಲ ಸತತವಾಗಿ ತೆರೆಯದಿದ್ದರೆ ಅದು ನೇರವಾಗಿ ನಿಮಗೆ ಎಸ್‌ಎಂಎಸ್ ಕಳಿಸಲಿ.

ಈಗ ಮ್ಯಾನೇಜರ್ ಅನ್ನು ಕರೆಯಿರಿ. ಅವರ ಎದುರೇ ಕೋಲ್ಡ್ ರೂಮ್‌ನ ಪೈನಿಂದ ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ. ಗಡಿಯಾರ ನೋಡಿಕೊಳ್ಳಿ. ಕ್ಯಾಂಟೀನ್‌ಗೆ ಕರೆದುಕೊಂಡು ಹೋಗಿ, ಬೈಟು ಕಾಫಿ ಹೇಳಿ. ಐದು ನಿಮಿಷದ ಅಂತರಕ್ಕೆ ಹದಿಮೂರು ನಿಮಿಷದ ಆಯಸ್ಸು ಕೊಟ್ಟಿದ್ದರೆ, ಕಾಫಿ ಮುಗಿದು ಪಟ್ಟಾಂಗ ಶುರುವಾಗುವ ಹೊತ್ತಿಗೆ ನಿಮ್ಮ ಫೋನ್ ಅಲುಗಾಡಬೇಕು. ಅಲುಗಾಡಿದರೆ ಪರದೆಯನ್ನು ಅವರ ಕಡೆ ತಿರುಗಿಸಿ. ಇಲ್ಲದಿದ್ದರೆ ಬಿಲ್ ಕೊಟ್ಟು ಮೇಲೆ ಬನ್ನಿ, ನಾಲ್ಕನೇ ಸೂತ್ರದಿಂದ ಮತ್ತೆ ಓದಿ. ಕೇಬಲ್ ವಾಪಸ್ ಸಿಕ್ಕಿಸುವುದನ್ನು ಮಾತ್ರ ಮರೆಯಬೇಡಿ.